ಹಾಲಿನ ಲೆಕ್ಕ, ಕರುವಿನ ಪಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೈನುಗಾರಿಕೆಯಲ್ಲಿ ನ್ಯಾಯ ಯಾವುದು, ಅನ್ಯಾಯ ಯಾವುದು, ಮನೆಮಂದಿಯೇ ನಡೆಸುವ ಸಣ್ಣ ಕೊಟ್ಟಿಗೆಗಳು ಯಾಕೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ ಎಂದು ಕೇಳಿ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳು ಇಲ್ಲಿವೆ. ಒಂದೇ ವಿಷಯ ಕೇಳಿದವನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಹುಟ್ಟಿದ ದಿನವೇ ಕರುವನ್ನು ತಾಯಿಯಿಂದ ದೂರ ಮಾಡುತ್ತಾರೆ. ಕೇಳಿದರೆ ‘ಬೇಗ ಬಿಡಿಸಿದಷ್ಟೂ ನೋವು ಕಡಿಮೆ’ ಎನ್ನುತ್ತಾರೆ. ಇದು ನಿಜವೋ, ಬರೀ ಸಬೂಬೋ?

ಉತ್ತರ: ಎರಡೂ ಹೌದು. ಈದ ಕೆಲವೇ ಗಂಟೆಗಳಲ್ಲಿ ಕರುವನ್ನು ಒಯ್ದರೆ ತಾಯಿ ಕಡಿಮೆ ಕೂಗುತ್ತದೆ. ನಾಲ್ಕು ದಿನ ಜೊತೆಗಿದ್ದು ಆಮೇಲೆ ಒಯ್ದರೆ ಕೂಗು, ಚಡಪಡಿಕೆ ಎರಡೂ ಹೆಚ್ಚು. ಅಷ್ಟರ ಮಟ್ಟಿಗೆ ಅವರ ಮಾತು ಸರಿ. ಆದರೆ ಕೂಗನ್ನು ಮಾತ್ರ ಅಳೆದರೆ ಕರುವಿನ ಹೊಟ್ಟೆ ಮರೆತುಹೋಗುತ್ತದೆ. ದೊಡ್ಡ ತಳಿಯ ಕರು ತಾಯಿಯ ಜೊತೆಗಿದ್ದರೆ ದಿನಕ್ಕೆ 8ರಿಂದ 10 ಲೀಟರ್ ಕುಡಿಯಬಲ್ಲದು. ಬೇರೆ ಕಟ್ಟಿದ ಕರುವಿಗೆ ಹಳೆಯ ರೂಢಿಯಂತೆ ಮೈತೂಕದ ಹತ್ತರಲ್ಲಿ ಒಂದು ಪಾಲು, ಅಂದರೆ 40 ಕಿಲೋ ಕರುವಿಗೆ 4 ಲೀಟರ್ ಹಾಕುತ್ತಾರೆ. ಖಾಲಿ ಬಕೆಟ್ಟನ್ನು ಗುದ್ದುತ್ತಾ, ಪಕ್ಕದ ಕರುವಿನ ಕಿವಿ ಚೀಪುತ್ತಾ ನಿಲ್ಲುವ ಕರುವಿಗೆ ತಾಯಿಯ ನೆನಪಿಗಿಂತ ಮೊದಲು ಹಸಿವು ಇರುತ್ತದೆ.

ಬೇರ್ಪಡಿಸಲೇಬೇಕು ಎಂದಾದರೆ ಮೊದಲ ಕೆಲಸ ಗಿಣ್ಣು ಹಾಲು. ಹುಟ್ಟಿದ 2 ಗಂಟೆಯೊಳಗೆ ಮೈತೂಕದ ಹತ್ತರ ಒಂದು ಪಾಲು ಹೊಟ್ಟೆಗಿಳಿಯಬೇಕು, 12 ಗಂಟೆಯೊಳಗೆ ಇನ್ನೊಂದು 2 ಲೀಟರ್. ಗಿಣ್ಣಿನಲ್ಲಿರುವ ರೋಗನಿರೋಧಕ ಅಂಶವನ್ನು ಕರುವಿನ ಕರುಳು ಹಾಗೇ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ. 24 ಗಂಟೆ ಕಳೆದ ಮೇಲೆ ಎಷ್ಟು ಕುಡಿಸಿದರೂ ಅದು ರಕ್ತಕ್ಕೆ ಸೇರುವುದಿಲ್ಲ. ಗಿಣ್ಣು ಗಟ್ಟಿಯಾಗಿ ಕಂಡ ಮಾತ್ರಕ್ಕೆ ಒಳ್ಳೆಯದೆಂದು ನಂಬಬೇಡಿ. ಗಿಣ್ಣಿನ ಸಾಂದ್ರತೆ ಅಳೆಯುವ ಬ್ರಿಕ್ಸ್ ಮೀಟರಿಗೆ ಎರಡು ಹನಿ ಹಾಕಿದರೆ 22 ಅಥವಾ ಮೇಲೆ ತೋರಿಸಬೇಕು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಆಮೇಲೆ ದಿನಕ್ಕೆ 6 ಲೀಟರಿಗೆ ಕಡಿಮೆ ಮಾಡಬೇಡಿ. ಹಾಲು ಬಿಡಿಸುವಾಗ ಒಂದೇ ಸಲ ನಿಲ್ಲಿಸದೆ 10ರಿಂದ 14 ದಿನ ತೆಗೆದುಕೊಂಡು ಇಳಿಸಿ.

ಬೇರ್ಪಡಿಸದೆ ನಡೆಸುವ ದಾರಿಯೂ ಇದೆ. ಬೆಳಗಿನ ಹಾಲು ಕರೆದ ಮೇಲೆ ಸಂಜೆವರೆಗೆ ಕರು ತಾಯಿಯ ಜೊತೆ ಇರುತ್ತದೆ, ರಾತ್ರಿ ಪಕ್ಕದ ಅಂಕಣದಲ್ಲಿ ಇರುತ್ತದೆ. ರಾತ್ರಿ ತುಂಬಿದ್ದು ಮಾಲೀಕನಿಗೆ, ಹಗಲಿನದು ಕರುವಿಗೆ. ಕೊನೆಗೆ ಬಿಡಿಸುವಾಗ ಕರುವಿನ ಮೂಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಮೂಗು ಚುಚ್ಚುವ ಅಗತ್ಯವಿಲ್ಲ. ಕರು ತಾಯಿಯ ಪಕ್ಕದಲ್ಲೇ ಇರುತ್ತದೆ, ಮೊಲೆ ಮಾತ್ರ ಬಾಯಿಗೆ ಸಿಗುವುದಿಲ್ಲ. 4ರಿಂದ 7 ದಿನ ಹೀಗಿಟ್ಟು ಆಮೇಲೆ ಬೇರೆ ಮಾಡಿದರೆ ಇಬ್ಬರ ಕೂಗೂ ಬಹಳ ಕಡಿಮೆ. ಕೆಡುವುದು ಎರಡು ಕಡೆ: ಬಕೆಟ್ಟಿನಲ್ಲಿ ಕುಡಿಯಲು, ಮೇವು ತಿನ್ನಲು ಕಲಿಯದ ಕರುವಿಗೆ ಪಟ್ಟಿ ಹಾಕಿದರೆ ಅದು ಉಪವಾಸ ಬೀಳುತ್ತದೆ, ವಾರ ದಾಟಿ ಬಿಟ್ಟರೆ ಮೂಗು ಹುಣ್ಣಾಗುತ್ತದೆ.

ಇದರಲ್ಲಿ ಮಾರುವ ಹಾಲು ಕಡಿಮೆಯಾಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ದನದ ಮೇಲಿನ ದಯೆಯಲ್ಲಿ ಎರಡು ಬಗೆ. ಒಂದು ತನ್ನ ಖರ್ಚನ್ನು ತಾನೇ ಹಿಂದಿರುಗಿಸುತ್ತದೆ; ಗಿಣ್ಣು, ಗೊರಸಿನ ಆರೈಕೆ, ಮೆತ್ತನೆ ಹಾಸು ಇವೆಲ್ಲ ಆ ಬಗೆ. ಇನ್ನೊಂದು ನಿಜವಾಗಿಯೂ ಖರ್ಚು. ಕರುವನ್ನು ತಾಯಿಯ ಜೊತೆ ಬಿಡುವುದು ಆ ಬಗೆ. ಮೊದಲನೆಯದನ್ನು ಮಾಡದವನನ್ನು ಬೈಯಬಹುದು. ಎರಡನೆಯದನ್ನು ಕೇಳುವವರು ದರ ಯಾರು ಕೊಡುತ್ತಾರೆಂದೂ ಹೇಳಬೇಕು.

ಪ್ರಶ್ನೆ: ಗಂಡು ಕರುಗಳ ಗತಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅವುಗಳ ಸಂಖ್ಯೆಯನ್ನೇ ಕಡಿಮೆ ಮಾಡಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ಆದರೆ ಜಾಹೀರಾತಿನಲ್ಲಿ ಹೇಳುವಷ್ಟು ಸುಲಭವಾಗಿ ಅಲ್ಲ. ಹಸು ಈಯದೆ ಹಾಲಿಲ್ಲ, ಈದರೆ ಅರ್ಧ ಗಂಡು. ಹಾಲಿಗೆಂದೇ ಬೆಳೆಸಿದ ತಳಿಯ ಗಂಡು ಕರುವಿಗೆ ಮೈಯಲ್ಲಿ ಮಾಂಸ ಕಡಿಮೆ, ಯಂತ್ರ ಬಂದ ಮೇಲೆ ಉಳುಮೆಗೂ ಬೇಡ. ಹಾಗಾಗಿ ಅದಕ್ಕೆ ಕುಡಿಸುವ ಪ್ರತಿ ಲೀಟರೂ ನಷ್ಟದ ಕಾಲಮ್ಮಿಗೆ ಹೋಗುತ್ತದೆ. ಗಿಣ್ಣು ಕೊಡದೆ ಬಿಡುವುದು, ಎರಡು-ಮೂರು ದಿನದ ಕರುವನ್ನು ದೂರಕ್ಕೆ ಸಾಗಿಸುವುದು, ‘ತಾನಾಗಿ ಸತ್ತಿತು’ ಎನ್ನುವುದು ಎಲ್ಲ ಈ ಲೆಕ್ಕದಿಂದಲೇ ಹುಟ್ಟಿದ್ದು.

ಮೊದಲ ದಾರಿ ಲಿಂಗ ವಿಂಗಡಿಸಿದ ವೀರ್ಯ. ಸುಮಾರು ಶೇ 90ರಷ್ಟು ಹೆಣ್ಣು ಕರುವೇ ಹುಟ್ಟುತ್ತದೆ. ಆದರೆ ಒಂದು ಕಡ್ಡಿಯಲ್ಲಿ (ವೀರ್ಯ ತುಂಬಿದ ತೆಳು ಕೊಳವೆ) ವೀರ್ಯಾಣು ಕಡಿಮೆ, ವಿಂಗಡಿಸುವಾಗ ಅವು ದಣಿದಿರುತ್ತವೆ ಬೇರೆ. ಗಬ್ಬ ನಿಲ್ಲುವುದು ಸಾಮಾನ್ಯ ಕಡ್ಡಿಗಿಂತ ಸ್ವಲ್ಪ ಕಡಿಮೆಯೇ. ಆದ್ದರಿಂದ ಮಣಕಗಳಿಗೆ (ಇನ್ನೂ ಈಯದ ಹರೆಯದ ಹಸುಗಳಿಗೆ) ಮತ್ತು ಮೊದಲೆರಡು ಸೂಲಿನ ಆರೋಗ್ಯವಂತ ಹಸುಗಳಿಗೆ ಮಾತ್ರ ಬಳಸಿ. ಎರಡು-ಮೂರು ಸಲ ಬೆದೆ ತಪ್ಪಿದ ಹಸುವಿಗೆ ಹಾಕಿದರೆ ಹಣ ನೀರಿಗೆ. ಕಡ್ಡಿಯನ್ನು 35ರಿಂದ 37 ಡಿಗ್ರಿ ನೀರಿನಲ್ಲಿ ಅರ್ಧದಿಂದ ಮುಕ್ಕಾಲು ನಿಮಿಷ ಇಟ್ಟು, ತೇವ ಒರೆಸಿ, ಕೂಡಲೇ ಹಾಕಬೇಕು. ಕೈಯಲ್ಲಿ ಉಜ್ಜಿ ಕರಗಿಸುವವರನ್ನು ಒಳಗೆ ಬಿಡಬೇಡಿ.

ಎಷ್ಟು ಬೇಕು? 20 ಹಸುಗಳ ಕೊಟ್ಟಿಗೆಯಲ್ಲಿ ವರ್ಷಕ್ಕೆ 5 ಹಸು ಬದಲಾಗುವುದಾದರೆ, ಸಾಯುವುದು, ಗೊಡ್ಡಾಗುವುದು ಸೇರಿಸಿ 6 ಹೆಣ್ಣು ಕರು ಸಾಕು. ಅದಕ್ಕೆ 7 ಗಬ್ಬ, ಎರಡಕ್ಕೊಂದು ನಿಂತರೆ 14 ಕಡ್ಡಿ. ಉಳಿದವಕ್ಕೂ ಇದನ್ನೇ ಹಾಕಿದರೆ ಬೇಡದ ಗಂಡು ಕರುವಿನ ಬದಲು ಬೇಡದ ಹೆಣ್ಣು ಕರು ಹುಟ್ಟುತ್ತದೆ, ಅಷ್ಟೇ. ಹಲವು ದೇಶಗಳಲ್ಲಿ ಉಳಿದ ಹಸುಗಳಿಗೆ ಮಾಂಸದ ತಳಿಯ ವೀರ್ಯ ಹಾಕುತ್ತಾರೆ. ಆ ಕರುವಿಗೆ ಬೆಲೆ ಇರುವುದರಿಂದ ಆರೈಕೆ ಸಿಗುತ್ತದೆ, ಕೊನೆಗೆ ಹೋಗುವುದು ಕಸಾಯಿಖಾನೆಗೇ.

ನಮಗೆ ಹೆಚ್ಚು ಒಪ್ಪಿಗೆಯಾಗುವ ದಾರಿ ಇನ್ನೊಂದು, ಅದಕ್ಕೆ ಯಾವ ಕಂಪನಿಯೂ ಜಾಹೀರಾತು ಕೊಡುವುದಿಲ್ಲ. ಸೂಲಿನಿಂದ ಸೂಲಿಗೆ 13 ತಿಂಗಳು ಇರುವಲ್ಲಿ 18 ತಿಂಗಳು ಮಾಡಿ. 20 ಹಸುಗಳಿಂದ ವರ್ಷಕ್ಕೆ ಹದಿನೆಂಟರಷ್ಟು ಹುಟ್ಟುತ್ತಿದ್ದ ಕರುಗಳು ಹದಿಮೂರಕ್ಕೆ ಇಳಿಯುತ್ತವೆ. ಹಸು ಸಾಯುವುದು, ಕಾಯಿಲೆ ಬೀಳುವುದು ಹೆಚ್ಚಾಗಿ ಈಯುವ ಹೊತ್ತಿನಲ್ಲಿ ಮತ್ತು ಈದ ಮೊದಲ ತಿಂಗಳಲ್ಲಿ. ಕ್ಷೀರ ಜ್ವರ, ಮಾಸು ಬೀಳದಿರುವುದು, ಮೈಯ ಕೊಬ್ಬು ಅತಿಯಾಗಿ ಕರಗಿ ಬರುವ ಕೀಟೋಸಿಸ್ ಎಲ್ಲ ಆಗಲೇ. ಹಾಗಾಗಿ ಈಯುವುದು ಕಡಿಮೆಯಾದರೆ ಹಸುವಿಗೂ ಒಳ್ಳೆಯದು. ಈದ ಸುಮಾರು 265 ದಿನದ ಮೇಲೆ ಗಬ್ಬ ನಿಲ್ಲುವಂತೆ ನೋಡಿಕೊಂಡರೆ ಸರಿಹೋಗುತ್ತದೆ. ಆದರೆ 8ನೇ ತಿಂಗಳಿಗೇ ಹಾಲು ಇಳಿಸಿಬಿಡುವ ಹಸುವಿಗೆ ಇದು ಒಗ್ಗದು. ಅದು ಬತ್ತಿ ಕೊಬ್ಬೇರುತ್ತದೆ, ಕೊಬ್ಬಿದ ಹಸುವಿಗೆ ಮುಂದಿನ ಹೆರಿಗೆ ಕಷ್ಟ. ತಿಂಗಳಿಗೊಮ್ಮೆ ಪ್ರತಿ ಹಸುವಿನ ಹಾಲು ಅಳೆದು ಬರೆದಿಟ್ಟವರಿಗೆ ಯಾವ ಹಸು ಎಂದು ತಾನಾಗಿ ತಿಳಿಯುತ್ತದೆ. ಅಳೆಯದವರು ಈ ದಾರಿಗೆ ಕೈ ಹಾಕದಿರುವುದೇ ಮೇಲು.

ಹಸುವಿನ ಆಯಸ್ಸನ್ನೂ ಇಲ್ಲೇ ಸೇರಿಸಿಕೊಳ್ಳಿ. 100 ಹಸುಗಳಲ್ಲಿ ವರ್ಷಕ್ಕೆ 35ನ್ನು ತೆಗೆದರೆ ಒಂದೊಂದು ಹಸು ಹಿಂಡಿನಲ್ಲಿ ಉಳಿಯುವುದು ಸರಾಸರಿ ಮೂರು ವರ್ಷಕ್ಕಿಂತ ಕಡಿಮೆ. 20ನ್ನು ತೆಗೆದರೆ ಐದು ವರ್ಷ, ಬೆಳೆಸಬೇಕಾದ ಮಣಕಗಳೂ 15 ಕಡಿಮೆ. ಮಣಕವನ್ನು ಸಾಕಿದ ಖರ್ಚು ತೀರುವುದು ಬಹುತೇಕ ಎರಡನೇ ಸೂಲಿನ ಹೊತ್ತಿಗೆ. ಮೂರನೆಯದಕ್ಕೆ ಮಾರುವವರು ಲಾಭದ ಹೊಸ್ತಿಲಲ್ಲೇ ಹಸುವನ್ನು ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಸಣ್ಣ ರೈತರ ಹಾಲು ಎಂದರೆ ದನಗಳು ಸುಖವಾಗಿವೆ ಎಂದು ಅರ್ಥವೇ?

ಉತ್ತರ: ಅಲ್ಲ. ಐದು ಹಸುಗಳ ಕೊಟ್ಟಿಗೆಯಲ್ಲಿ ಪ್ರತಿ ಹಸುವಿನ ಹೆಸರು, ಹಟ, ಹಸಿವು ಎಲ್ಲ ಗೊತ್ತಿರುತ್ತದೆ. ಅದೇ ಕೊಟ್ಟಿಗೆಯಲ್ಲಿ ಹಸು ವರ್ಷವಿಡೀ ಒಂದೂವರೆ ಮಾರು ಹಗ್ಗದಲ್ಲಿ ಕಲ್ಲುನೆಲದ ಮೇಲೆ ನಿಂತಿರಲೂಬಹುದು. ಸಾವಿರ ಹಸುಗಳ ಫಾರ್ಮಿನಲ್ಲಿ ಮರಳಿನ ಹಾಸು, ಫ್ಯಾನು, ಸಂಬಳದ ಪಶುವೈದ್ಯರು ಇರುತ್ತಾರೆ. ಹುಲ್ಲುಗಾವಲು ಇರುವುದಿಲ್ಲ, ಕರುವನ್ನು ಮೊದಲ ದಿನವೇ ಒಯ್ಯುತ್ತಾರೆ. ಗಾತ್ರ ನೋಡಿ ತೀರ್ಪು ಕೊಡುವುದು ಸೋಮಾರಿಗಳ ಕೆಲಸ. ಹೋಗಿ ನೋಡಲು ಅವಕಾಶವಿದ್ದರೆ ಇವನ್ನು ನೋಡಿ.

ಹಸು ಮಲಗುವ ಜಾಗದಲ್ಲಿ ನೀವೇ ಮಂಡಿಯೂರಿ 10 ಎಣಿಸಿ. ಮಂಡಿ ನೊಂದರೆ ಹಾಸು ಗಟ್ಟಿ, ಬಟ್ಟೆ ಒದ್ದೆಯಾದರೆ ಹಾಸು ತೇವ. ಹಸು ದಿನಕ್ಕೆ ಸುಮಾರು 12 ಗಂಟೆ ಮಲಗುವ ಪ್ರಾಣಿ, ಮಲಗಲು ಮನಸ್ಸಾಗದ ನೆಲದ ಮೇಲೆ ನಿಂತೇ ಇರುತ್ತದೆ, ಗೊರಸು ಕೆಡುತ್ತದೆ. ಹಿಂಗಾಲಿನ ಕೀಲಿನ ಹೊರಬದಿ ನೋಡಿ. ಕೂದಲುದುರಿ ಬೋಳಾಗಿದ್ದರೆ, ಊದಿದ್ದರೆ ನೆಲದ ದೋಷ. ನಡೆಯುವಾಗ ಬೆನ್ನು ಬಿಲ್ಲಿನಂತೆ ಬಾಗಿದರೆ ಕಾಲು ನೋಯುತ್ತಿದೆ ಎಂದೇ ಅರ್ಥ, ಕುಂಟುವವರೆಗೆ ಕಾಯಬೇಕಿಲ್ಲ. ಆರಾಮವಾಗಿ ಮಲಗಿದ ಹಸುಗಳಲ್ಲಿ ಅರ್ಧದಷ್ಟಾದರೂ ಮೆಲುಕು ಹಾಕುತ್ತಿರಬೇಕು. ನೀರಿನ ತೊಟ್ಟಿಗೆ ಕೈ ಹಾಕಿ ತಳ ಸವರಿ, ಲೋಳೆ ಸಿಕ್ಕಿದರೆ ಆ ನೀರನ್ನು ಹಸು ಬೇಕಾದಷ್ಟು ಕುಡಿಯುತ್ತಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿ: ಹೋದ ವರ್ಷ ಎಷ್ಟು ಕರು ಹುಟ್ಟಿದವು, ಈಗ ಎಷ್ಟಿವೆ, ಉಳಿದವು ಎಲ್ಲಿ? ಉತ್ತರ ಹೇಳುವ ಧಾಟಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ಪ್ರಶ್ನೆ: ಹಾಲಿಗೆ ಬೇಡಿಕೆ ಇದೆ. ಮನೆಮಂದಿಯೇ ದುಡಿಯುವುದರಿಂದ ಕೂಲಿ ಖರ್ಚೂ ಇಲ್ಲ. ಆದರೂ ಸಣ್ಣವರೇ ಮೊದಲು ಕೈಬಿಡುವುದು ಯಾಕೆ?

ಉತ್ತರ: ‘ಕೂಲಿ ಖರ್ಚಿಲ್ಲ’ ಎಂಬಲ್ಲೇ ಅರ್ಧ ಉತ್ತರ ಇದೆ. ಖರ್ಚು ಇದೆ, ಯಾರೂ ಬರೆದಿಟ್ಟಿಲ್ಲ. ವರ್ಷದ 365 ದಿನ, ದಿನಕ್ಕೆರಡು ಹೊತ್ತು. ಮದುವೆ, ಜ್ವರ, ಸಾವು ಯಾವುದಕ್ಕೂ ಕೆಚ್ಚಲು ಕಾಯುವುದಿಲ್ಲ. ಮಕ್ಕಳು ಆ ಗಂಟೆಗಳನ್ನು ಬೇರೆ ಕೆಲಸದ ಸಂಬಳಕ್ಕೆ ಹೋಲಿಸಿದ ದಿನ ಕೊಟ್ಟಿಗೆಯ ಭವಿಷ್ಯ ತೀರ್ಮಾನವಾಗುತ್ತದೆ.

ಉಳಿದರ್ಧ ಹಾಲಿನ ಗುಣದಲ್ಲೇ ಇದೆ. ಧಾನ್ಯವನ್ನು ದರ ಬರುವವರೆಗೆ ಇಟ್ಟುಕೊಳ್ಳಬಹುದು. ಹಾಲನ್ನು ಕರೆದ ಕೂಡಲೇ 4 ಡಿಗ್ರಿಗೆ ತಣಿಸಬೇಕು, ಒಂದೆರಡು ದಿನದಲ್ಲಿ ಸಾಗಿಸಬೇಕು. ಹಾಗಾಗಿ ಕೊಳ್ಳುವವರು ಹೇಳಿದ್ದೇ ದರ. ದರ ಇಳಿದಾಗ ಹೈನುಗಾರ ಹಾಲು ಕಡಿಮೆ ಮಾಡುವುದಿಲ್ಲ, ಹೆಚ್ಚು ಮಾಡುತ್ತಾನೆ; ಸಾಲದ ಕಂತು ಇಳಿದಿರುವುದಿಲ್ಲವಲ್ಲ. ಎಲ್ಲರೂ ಹಾಗೇ ಮಾಡಿದಾಗ ಹಾಲು ತುಂಬಿ ದರ ಇನ್ನೂ ಬೀಳುತ್ತದೆ. ಆಗ ಉಳಿಯುವವರು ಲೀಟರಿಗೆ ಕಡಿಮೆ ಖರ್ಚಿನವರು. ಹಾಲು ತಣಿಸುವ ಟ್ಯಾಂಕು, ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇವುಗಳ ಬೆಲೆ ಹತ್ತು ಹಸುವಿಗೂ ಐವತ್ತು ಹಸುವಿಗೂ ಅಷ್ಟೇನೂ ಬದಲಾಗುವುದಿಲ್ಲ. ಹಾಲು ಕರೆಯುವ ಒಂದು ರೋಬೋ ಸುಮಾರು 60 ಹಸುಗಳಿಗೆಂದೇ ಮಾಡಿದ್ದು. ಟ್ಯಾಂಕರ್ ಒಂದು ಕಡೆ ನಿಂತು ಸಾವಿರಾರು ಲೀಟರ್ ತುಂಬಿಕೊಳ್ಳುವುದಾದರೆ ಐವತ್ತು ಕಡೆ ನಿಲ್ಲಲು ಒಪ್ಪುವುದಿಲ್ಲ. ಎಷ್ಟೋ ಕುಟುಂಬಗಳು ನಿಲ್ಲಿಸಿದ್ದು ನಷ್ಟದಿಂದಲ್ಲ, ಹಾಲಿನ ವಾಹನ ಬರುವುದು ನಿಂತದ್ದರಿಂದ.

ಅಮೆರಿಕದ 2017ರ ಕೃಷಿ ಗಣತಿಯಲ್ಲಿ ಹಾಲು ಮಾರುವ ಫಾರ್ಮುಗಳು 39,303. 2022ರ ಗಣತಿಯಲ್ಲಿ 24,470. ಅದೇ ಅವಧಿಯಲ್ಲಿ ಆ ದೇಶದ ಒಟ್ಟು ಹಾಲು ಹೆಚ್ಚೇ ಆಯಿತು. ಯುರೋಪ್ ಒಕ್ಕೂಟ 1984ರಲ್ಲಿ ತಂದ ಹಾಲಿನ ಕೋಟಾವನ್ನು, ಅಂದರೆ ಉತ್ಪಾದನೆಗೆ ಹಾಕಿದ ಮಿತಿಯನ್ನು, 2015ರ ಮಾರ್ಚ್ 31ಕ್ಕೆ ಮುಗಿಸಿತು. ರಷ್ಯಾ ಆಮದು ನಿಲ್ಲಿಸಿದ್ದೂ ಸೇರಿ ದರ ಎಷ್ಟು ಕುಸಿಯಿತೆಂದರೆ 2016ರಲ್ಲಿ ಹಾಲು ಕಡಿಮೆ ಮಾಡಿದವರಿಗೆ ಒಕ್ಕೂಟವೇ ಹಣ ಕೊಡಬೇಕಾಯಿತು. ಕೆನಡಾ ಕೋಟಾ ಉಳಿಸಿಕೊಂಡಿದೆ, ದರ ಸ್ಥಿರ. ಆದರೆ ಕೋಟಾವನ್ನು ಕೊಳ್ಳುವುದೇ ಭಾರಿ ಬಂಡವಾಳ, ಹೊಸಬರಿಗೆ ಬಾಗಿಲು ಕಿರಿದು.

ಸಣ್ಣವರ ಕೈಯಲ್ಲಿ ಉಳಿದಿರುವ ಹಿಡಿತ ಹಿಂಡಿಯ ಚೀಲ. ಪುಸ್ತಕದ ಲೆಕ್ಕದಲ್ಲಿ 1 ಕಿಲೋ ಹಿಂಡಿಗೆ 2 ಲೀಟರ್ ಹಾಲು. ಸಾಕಷ್ಟು ತಿನ್ನುತ್ತಿರುವ ಹಸುವಿಗೆ ಇನ್ನೊಂದು ಕಿಲೋ ಹಾಕಿದರೆ ಅದು ಅಷ್ಟು ಮೇವನ್ನು ಬಿಡುತ್ತದೆ. ಬರುವ ಹಾಲು 1 ಲೀಟರನ್ನೂ ಮುಟ್ಟದಿರಬಹುದು. ಈದು 100 ದಿನ ದಾಟಿದ ಹಸುಗಳಿಗೆ ಮಾತ್ರ, ಹೊತ್ತಿಗೆ ಕಾಲು ಕಿಲೋದಂತೆ ದಿನದ ಹಿಂಡಿಯಲ್ಲಿ ಒಟ್ಟು ಅರ್ಧ ಕಿಲೋ ಇಳಿಸಿ, ಅಷ್ಟಕ್ಕೇ ನಿಲ್ಲಿಸಿ 10 ದಿನ ಹಾಲು ಬರೆಯಿರಿ. ಕಡಿಮೆಯಾದ ಹಾಲಿನ ಬೆಲೆ ಉಳಿತಾಯವಾದ ಹಿಂಡಿಯ ಬೆಲೆಗಿಂತ ಕಡಿಮೆಯಾದರೆ ಆ ಅರ್ಧ ಕಿಲೋ ಇಷ್ಟು ದಿನ ಅಂಗಡಿಯವನಿಗಾಗಿ ಹಾಕುತ್ತಿದ್ದಿರಿ. ಮಿತಿಮೀರಿದ ಹಿಂಡಿಯಿಂದಲೇ ಹೊಟ್ಟೆ ಹುಳಿಯಾಗುವುದು, ಅದರಿಂದ ಗೊರಸು ನೋಯುವುದು, ಆಮೇಲೆ ಹಸುವನ್ನು ಬೇಗ ಮಾರಬೇಕಾಗುವುದು. ತಿಂಗಳ ಕೊನೆಗೆ ಹಾಲಿನ ಹಣದಲ್ಲಿ ಕೊಂಡ ಮೇವು-ಹಿಂಡಿ, ಔಷಧ, ಕಂತು ಕಳೆದು, ಉಳಿದದ್ದನ್ನು ಮನೆಮಂದಿಯ ಒಟ್ಟು ಗಂಟೆಗಳಿಂದ ಭಾಗಿಸಿ. ಆ ಅಂಕಿಯನ್ನು ಮಕ್ಕಳಿಗೂ ತೋರಿಸಿ.

ಪ್ರಶ್ನೆ: ಕರು ಸತ್ತ ಮೇಲೆ ಹಸು ಸೊರೆ ಬಿಡುತ್ತಿಲ್ಲ. ಹಾಲಿಳಿಸುವ ಹಾರ್ಮೋನು ಆಕ್ಸಿಟೋಸಿನ್ ಚುಚ್ಚಿ ಎಂದು ಸಲಹೆ ಬಂತು. ಸರಿಯೇ?

ಉತ್ತರ: ಒಂದೆರಡು ಸಲ ಪಶುವೈದ್ಯರು ಕೊಟ್ಟರೆ ಚಿಕಿತ್ಸೆ, ದಿನಾ ಕೊಟ್ಟರೆ ಚಟ. ಹಸುವಿನ ಮೈ ತಾನಾಗಿ ಬಿಡುವ ಅದೇ ಹಾರ್ಮೋನಿಗೆ ಕೆಚ್ಚಲು ಸ್ಪಂದಿಸುವುದು ಕ್ರಮೇಣ ಕಡಿಮೆಯಾಗಿ, ಸೂಜಿ ಇಲ್ಲದೆ ಹಾಲಿಲ್ಲ ಎಂಬಲ್ಲಿಗೆ ಬರುತ್ತದೆ. ಅದೇ ಹೊತ್ತು, ಅದೇ ಕೈ, ಅದೇ ಜಾಗ ಇರಲಿ. ಮುಂದೆ ಸ್ವಲ್ಪ ಹಿಂಡಿ ಇಟ್ಟು, ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು ಒರೆಸಿ, ಮೊಲೆಗಳನ್ನು 15-20 ಸೆಕೆಂಡು ತಿಕ್ಕಿ, ಒಂದರಿಂದ ಒಂದೂವರೆ ನಿಮಿಷ ತಾಳಿ. ಆಮೇಲೆ 5ರಿಂದ 7 ನಿಮಿಷದಲ್ಲಿ ಕರೆದು ಮುಗಿಸಿ. ಗದರಿದರೆ, ಹೊಡೆದರೆ, ನಾಯಿ ಬಂದರೆ ಹೆದರಿಕೆಯ ಹಾರ್ಮೋನು ಅಡ್ರಿನಲಿನ್ ಏರಿ ಎಲ್ಲ ನಿಂತುಹೋಗುತ್ತದೆ.

ಪ್ರಶ್ನೆ: ಕೊಂಬು ಸುಡುವುದನ್ನು ನೋಡಲಾಗುವುದಿಲ್ಲ. ಬೇರೆ ಉಪಾಯ?

ಉತ್ತರ: ಕೊಂಬೇ ಬಾರದ ಗೂಳಿಯ ವೀರ್ಯ. ಪ್ರತಿ ಗುಣಕ್ಕೂ ತಂದೆಯಿಂದೊಂದು, ತಾಯಿಯಿಂದೊಂದು ಜೀನ್ ಪ್ರತಿ ಬರುತ್ತದೆ. ಎರಡೂ ಪ್ರತಿ ಬೋಳು ಗುಣದ ಗೂಳಿಯಾದರೆ ಎಲ್ಲ ಕರುಗಳೂ ಬೋಳು (ಕೊಂಬಿಲ್ಲದವು), ಒಂದೇ ಪ್ರತಿಯಾದರೆ ಅರ್ಧ. ಸುಡಲೇಬೇಕಾದರೆ ಎಂಟು ವಾರದೊಳಗೆ, ಮೊಗ್ಗು ತಲೆಬುರುಡೆಗೆ ಅಂಟಿಕೊಳ್ಳುವ ಮೊದಲು. ಪಶುವೈದ್ಯರು ಕಣ್ಣಿನ ಹೊರತುದಿ ಮತ್ತು ಕೊಂಬಿನ ಬುಡದ ನಡುವೆ ಮರಗಟ್ಟಿಸುವ ಲಿಡೊಕೇನ್ ಕೊಟ್ಟು, 10 ನಿಮಿಷ ಕಾದು, ಸೂಜಿಯಿಂದ ಚುಚ್ಚಿ ನೋಡಿ ಆಮೇಲೆ ಸುಡಬೇಕು. ಅದರ ಪರಿಣಾಮ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ನೋವು ಉಳಿಯುತ್ತದೆ. ಅದಕ್ಕೆ ನೋವು ನಿವಾರಕ ಮೆಲಾಕ್ಸಿಕಾಮ್ ಕೂಡ ಬೇಕು. ಖರ್ಚು ಅತ್ಯಲ್ಪ, ಮಾಡದಿರಲು ಕಾರಣವೇ ಇಲ್ಲ.

ಪ್ರಶ್ನೆ: ಇಷ್ಟೆಲ್ಲ ಸುಧಾರಣೆಗಿಂತ ಹಾಲನ್ನೇ ಬಿಡುವುದು ಸರಿಯಲ್ಲವೇ?

ಉತ್ತರ: ಪ್ರಾಣಿಯನ್ನು ನಮ್ಮ ಲಾಭಕ್ಕೆ ಬಳಸುವುದೇ ತಪ್ಪು ಎಂಬುದು ನಿಮ್ಮ ನಿಲುವಾದರೆ ಮೇಲಿನ ಯಾವುದೂ ನಿಮಗೆ ಉತ್ತರವಲ್ಲ, ಆ ನಿಲುವಿನಲ್ಲಿ ತರ್ಕದೋಷವೂ ಇಲ್ಲ. ಬಳಸಬಹುದು, ಹಿಂಸಿಸಬಾರದು ಎನ್ನುವವರಿಗೆ ಅಳತೆಗೋಲು ಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಸ್ಥಿತಿಗತಿ ಪರಿಶೀಲಿಸಿದ ಬ್ರಾಂಬೆಲ್ ಸಮಿತಿಯ 1965ರ ವರದಿಯಿಂದ ಶುರುವಾಗಿ 1979ರಲ್ಲಿ ‘ಐದು ಸ್ವಾತಂತ್ರ್ಯ’ಗಳು ಬಂದವು: ಹಸಿವು-ಬಾಯಾರಿಕೆ, ಅನಾನುಕೂಲ, ನೋವು-ರೋಗ, ಭಯ ಇವುಗಳಿಂದ ಬಿಡುಗಡೆ ಮತ್ತು ಸಹಜವಾಗಿ ನಡೆದುಕೊಳ್ಳುವ ಅವಕಾಶ. ಕಷ್ಟ ಇಲ್ಲದಿರುವುದಷ್ಟೇ ಸಾಲದು, ಬದುಕು ಆ ಪ್ರಾಣಿಗೂ ಬದುಕಲು ತಕ್ಕುದಾಗಿರಬೇಕು ಎಂಬ ಮಾತನ್ನು ಅಲ್ಲಿನ ಫಾರ್ಮ್ ಪ್ರಾಣಿ ಕಲ್ಯಾಣ ಮಂಡಳಿ 2009ರಲ್ಲಿ ಸೇರಿಸಿತು. ಈ ಕೊನೆಯ ಅಳತೆಗೆ ಇಂದಿನ ಹಾಲಿನಲ್ಲಿ ಬಹುಪಾಲು ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ವಯಸ್ಸಾಯಿತು, ಮುಂದೆ ನೋಡಿಕೊಳ್ಳುವವರಿಲ್ಲ. ಹಸುಗಳಿಗೆ ತೊಂದರೆಯಾಗದಂತೆ ನಿಲ್ಲಿಸುವುದು ಹೇಗೆ?

ಉತ್ತರ: ಮೊದಲು ಗಬ್ಬ ಕಟ್ಟಿಸುವುದನ್ನು ನಿಲ್ಲಿಸಿ, ಮಾರಾಟದ ಮಾತು ಆಮೇಲೆ. ಇಂದು ಹಾಕಿದ ಕಡ್ಡಿ ಒಂಬತ್ತು ತಿಂಗಳ ಮೇಲೆ ಇನ್ನೊಂದು ಕರು. ಹಾಲಿನಲ್ಲಿರುವ ಹಸುಗಳು ಹೇಗೂ ತಿಂಗಳುಗಟ್ಟಲೆ ಕೊಡುತ್ತವೆ, ಅಷ್ಟು ಸಮಯ ನಿಮಗಿದೆ. ಮಣಕಗಳನ್ನು ಮತ್ತು ಚಿಕ್ಕ ಹಸುಗಳನ್ನು ಮೊದಲು ಕೊಡಿ. ಅವಕ್ಕೆ ಹೊಸ ಜಾಗ ಬೇಗ ಒಗ್ಗುತ್ತದೆ. ಒಟ್ಟಿಗೆ ಬೆಳೆದ ಎರಡನ್ನು ಒಂದೇ ಕಡೆ ಕೊಡಲು ಸಾಧ್ಯವಾದರೆ ನೋಡಿ, ಹೊಸ ಹಿಂಡಿನಲ್ಲಿ ಗುದ್ದು ತಿನ್ನುವುದು ಕಡಿಮೆಯಾಗುತ್ತದೆ.

ಗಬ್ಬದ 250 ದಿನ ದಾಟಿದ ಹಸು, ಈದು ವಾರ ಕಳೆಯದ ಹಸು, ಕುಂಟುವ ಹಸು, ಹೊಕ್ಕುಳು ಒಣಗದ ಕರು ಇವನ್ನು ವಾಹನಕ್ಕೆ ಹತ್ತಿಸಬೇಡಿ. ಹಾಲಿನ ಹಸುವನ್ನು ಸಾಗಿಸುವ ಮುನ್ನ ಪೂರ್ತಿ ಕರೆಯಿರಿ. ‘ಕೆಚ್ಚಲು ತುಂಬಿದ್ದರೆ ನೋಡಲು ಚೆಂದ, ಬೆಲೆ ಬರುತ್ತದೆ’ ಎಂದು ದಲ್ಲಾಳಿ ಹೇಳುತ್ತಾನೆ, ಕೇಳಬೇಡಿ. ತುಂಬಿದ ಕೆಚ್ಚಲಿನಲ್ಲಿ ಹತ್ತು ಗಂಟೆ ನಿಂತ ಹಸುವಿಗೆ ಕೆಚ್ಚಲು ಬಾವು ಬರುವ ಸಂಭವ ಹೆಚ್ಚು.

ಉಳಿಸಿಕೊಳ್ಳುವ ಮುದಿ ಹಸುಗಳ ಹಾಲು ಬತ್ತಿಸಬೇಕು. ಹಿಂಡಿ ನಿಲ್ಲಿಸಿ ಒಣಮೇವು ಕೊಡಿ, ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಒಂದು ವಾರ ದಿನಕ್ಕೊಂದೇ ಹೊತ್ತು ಕರೆದು, ದಿನದ ಹಾಲು ಹತ್ತು ಲೀಟರಿನ ಆಸುಪಾಸಿಗೆ ಇಳಿದ ಮೇಲೆ ಪೂರ್ತಿ ನಿಲ್ಲಿಸಿ. ನಿಲ್ಲಿಸಿದ ಮೇಲೆ ಮೂರು-ನಾಲ್ಕು ದಿನ ಕೆಚ್ಚಲು ಬಿಗಿಯಾಗಿರುತ್ತದೆ. ಮರುಕದಿಂದ ನಡುನಡುವೆ ಹಿಂಡಿದರೆ ಮತ್ತೆ ಹಾಲು ಕೂಡುತ್ತದೆ, ಮೊಲೆಯ ಬಾಯಿ ತೆರೆದು ಸೋಂಕು ಒಳಹೋಗುತ್ತದೆ. ಒಂದೇ ಮೊಲೆ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಒದೆಯುವಂತಾದರೆ ಅದು ಬಾವು; ಆಗ ಕಾಯದೆ ಪಶುವೈದ್ಯರನ್ನು ಕರೆಸಿ.